ಅಮೆರಿಕದ ಪಿಎಚ್‌ಡಿ ಅರ್ಜಿಗೆ ಯಾವ ಕಾಗದ ಬೇಕು, ಯಾವುದು ಬೇಡ

ತುಮಕೂರಿನಲ್ಲಿ ಎಂಜಿನಿಯರಿಂಗ್ ಮತ್ತು ವಿಜ್ಞಾನ ವಿದ್ಯಾರ್ಥಿಗಳಿಗಾಗಿ ಮಾಡಿದ ಉಪನ್ಯಾಸದ ಬರಹ ರೂಪ. ಸಭಿಕರು ಕೇಳಿದ ಪ್ರಶ್ನೆಗಳಲ್ಲಿ ಕೆಲವನ್ನು ಕೊನೆಯಲ್ಲಿ ಸೇರಿಸಿದ್ದೇನೆ.

ಎಲ್ಲರಿಗೂ ನಮಸ್ಕಾರ. ಸಂಘಟಕರು ನನಗೆ ಕೊಟ್ಟ ವಿಷಯ ‘ವಿದೇಶದಲ್ಲಿ ಉನ್ನತ ಶಿಕ್ಷಣ’. ಒಂದು ಗಂಟೆಯಲ್ಲಿ ಅಷ್ಟನ್ನೂ ಹೇಳಹೊರಟರೆ ಯಾರ ಕೈಗೂ ಏನೂ ಸಿಗುವುದಿಲ್ಲ. ಅವರ ಒಪ್ಪಿಗೆ ಪಡೆದು ಅದನ್ನು ಒಂದೇ ಪ್ರಶ್ನೆಗೆ ಇಳಿಸಿಕೊಂಡು ಬಂದಿದ್ದೇನೆ. ಅಮೆರಿಕದ ವಿಶ್ವವಿದ್ಯಾಲಯವೊಂದಕ್ಕೆ ಪಿಎಚ್‌ಡಿಗೋ ಸಂಶೋಧನೆ ಇರುವ ಎಂ.ಎಸ್. ಪದವಿಗೋ ಅರ್ಜಿ ಹಾಕುವಾಗ, ನಿಮ್ಮ ಬಳಿ ಇರುವ ಕಾಗದಪತ್ರಗಳಲ್ಲಿ ಯಾವುದನ್ನು ಕಳಿಸಬೇಕು, ಯಾವುದನ್ನು ಮನೆಯಲ್ಲೇ ಇಡಬೇಕು?

2023–24ರ ಶೈಕ್ಷಣಿಕ ವರ್ಷದಲ್ಲಿ ಅಮೆರಿಕದಲ್ಲಿದ್ದ ಭಾರತೀಯ ವಿದ್ಯಾರ್ಥಿಗಳ ಸಂಖ್ಯೆ 3,31,602. ಅವರಲ್ಲಿ 1,96,567 ಮಂದಿ ಸ್ನಾತಕೋತ್ತರ ಮತ್ತು ಪಿಎಚ್‌ಡಿ ಹಂತದವರು. ಇದು ಹೋದವರ ಲೆಕ್ಕ. ಅರ್ಜಿ ಹಾಕಿ ಇಲ್ಲೇ ಉಳಿದವರು ಇದರಲ್ಲಿ ಸೇರಿಲ್ಲ. ಅಷ್ಟು ಜನ ಒಂದೇ ಬಾಗಿಲ ಮುಂದೆ ನಿಂತಿರುವಾಗ, ಒಳಗಿರುವವರು ನಿಮ್ಮ ಕಾಗದಗಳನ್ನು ಹೇಗೆ ಓದುತ್ತಾರೆ ಎಂಬುದು ನಿಮಗೆ ಗೊತ್ತಿರಬೇಕು. ಅದನ್ನು ಹೇಳಲೆಂದೇ ಬಂದಿದ್ದೇನೆ.

ನಾನು ಪರಿಸರ ಎಂಜಿನಿಯರಿಂಗ್ ಕಲಿಸುವವನು. ಅಲ್ಲಿನ ಒಂದು ಸಾರ್ವಜನಿಕ ವಿಶ್ವವಿದ್ಯಾಲಯದಲ್ಲಿ, ನಮ್ಮ ವಿಭಾಗದ ಪ್ರವೇಶ ಸಮಿತಿಯಲ್ಲಿ ಹಲವು ವರ್ಷ ಕೂತು ಅರ್ಜಿಗಳನ್ನು ಓದಿದ್ದೇನೆ. ಕರ್ನಾಟಕದ ಕಾಲೇಜಿನ ಹೆಸರು ಕಂಡರೆ ಮನಸ್ಸು ಅರಳುತ್ತದೆ. ಓದಿ ಮುಗಿಸುವಾಗ ಎಷ್ಟೋ ಸಲ ಸಂಕಟವಾಗಿದೆ. ಈ ಹುಡುಗಿ ಸಮರ್ಥಳಿರಬೇಕು ಎಂದು ನನಗೆ ಅನ್ನಿಸುತ್ತದೆ, ಆದರೆ ಆ ಅನಿಸಿಕೆಗೆ ಆಧಾರವಾಗಬಲ್ಲ ಒಂದು ಸಾಲು ಕೂಡ ಅಷ್ಟು ಪುಟಗಳಲ್ಲಿ ಸಿಗುವುದಿಲ್ಲ. ಪಕ್ಕದಲ್ಲಿ ಕೂತ ಸಹೋದ್ಯೋಗಿಗಳಿಗೆ ನನ್ನ ಅನಿಸಿಕೆಯನ್ನು ಸಾಕ್ಷಿಯಾಗಿ ಕೊಡಲು ಬರುವುದಿಲ್ಲ.

ಸಮಿತಿಯಲ್ಲಿ ಇರುವವರು ಸಾಮಾನ್ಯವಾಗಿ ಪ್ರಾಧ್ಯಾಪಕರು. ಡಿಸೆಂಬರ್ ಕೊನೆಯಿಂದ ಫೆಬ್ರುವರಿಯವರೆಗೆ, ತಮ್ಮ ಪಾಠ ಮತ್ತು ಪ್ರಯೋಗಾಲಯದ ಕೆಲಸಗಳ ನಡುವೆ ಬಿಡುವು ಮಾಡಿಕೊಂಡು ಓದುತ್ತಾರೆ. ಮೊದಲ ಓದಿನಲ್ಲಿ ಒಂದು ಅರ್ಜಿಗೆ ಸಿಗುವುದು ಕೆಲವೇ ನಿಮಿಷ. ಪಿಎಚ್‌ಡಿಗೆ ಸೇರಿಸಿಕೊಂಡರೆ ಆ ವಿದ್ಯಾರ್ಥಿಯ ಶುಲ್ಕವನ್ನೂ ಪ್ರತಿ ತಿಂಗಳ ವೇತನವನ್ನೂ ಸಾಮಾನ್ಯವಾಗಿ ವಿಭಾಗವೇ ಭರಿಸಬೇಕು. ಹಣ ಯಾರೋ ಒಬ್ಬ ಪ್ರಾಧ್ಯಾಪಕರ ಸಂಶೋಧನಾ ಅನುದಾನದಿಂದ ಬರುತ್ತದೆ, ಇಲ್ಲವೇ ಬೋಧನಾ ಸಹಾಯಕರ ಹುದ್ದೆಯಿಂದ. ಆದ್ದರಿಂದ ಓದುವವರ ಮನಸ್ಸಿನಲ್ಲಿ ಎರಡು ಪ್ರಶ್ನೆಗಳಿರುತ್ತವೆ. ಉತ್ತರ ಯಾರಿಗೂ ಗೊತ್ತಿಲ್ಲದ ಸಮಸ್ಯೆಯೊಂದರ ಜೊತೆ ಈ ವ್ಯಕ್ತಿ ಐದು ವರ್ಷ ಬಾಳಬಲ್ಲರೇ? ಇವರು ಮಾಡಬೇಕೆಂದಿರುವ ಕೆಲಸಕ್ಕೆ ನಮ್ಮಲ್ಲಿ ಮಾರ್ಗದರ್ಶಕರು ಇದ್ದಾರೆಯೇ? ಈ ಎರಡರಲ್ಲಿ ಒಂದಕ್ಕಾದರೂ ಉತ್ತರ ಕೊಡುವ ಕಾಗದ ಅರ್ಜಿಯಲ್ಲಿರಲಿ. ಯಾವುದಕ್ಕೂ ಉತ್ತರ ಕೊಡದ ಕಾಗದ, ನಿಮಗೆ ಎಷ್ಟೇ ಹೆಮ್ಮೆ ತಂದದ್ದಾದರೂ, ಹೊರಗಿರಲಿ. ನಾನು ಮುಂದೆ ಹೇಳುವುದೆಲ್ಲ ಇದರ ವಿವರಣೆ.

ನಮ್ಮ ಮನೆಗಳಲ್ಲಿ ಮಕ್ಕಳ ಹೆಸರಿನಲ್ಲಿ ಒಂದು ಫೈಲು ಇರುತ್ತದೆ. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿ, ಪಿಯುಸಿ ಅಂಕಪಟ್ಟಿ, ಸಿಇಟಿ ರ್‍ಯಾಂಕಿನ ಕಾಗದ, ಪ್ರತಿಭಾ ಕಾರಂಜಿಯಲ್ಲಿ ಭಾಷಣಕ್ಕೆ ಸಿಕ್ಕ ಬಹುಮಾನ, ಎನ್‌ಎಸ್‌ಎಸ್ ಶಿಬಿರದ ಪ್ರಮಾಣಪತ್ರ, ಜಾತಿ ಮತ್ತು ಆದಾಯ ಪ್ರಮಾಣಪತ್ರ ಎಲ್ಲವೂ ಅದರಲ್ಲಿ ಜೋಪಾನವಾಗಿರುತ್ತವೆ. ಅಪ್ಪ ಅಮ್ಮ ಅದನ್ನು ಬೀರುವಿನಲ್ಲಿ ಇಟ್ಟಿರುತ್ತಾರೆ, ಮತ್ತು ಇಟ್ಟಿದ್ದಕ್ಕೆ ಸರಿಯಾದ ಕಾರಣವೂ ಇದೆ. ನಮ್ಮಲ್ಲಿ ದಾಖಲಾತಿ ಪರಿಶೀಲನೆಯ ದಿನ ಒಂದು ಕಾಗದ ಕಡಿಮೆಯಾದರೆ ಸೀಟೇ ಕೈತಪ್ಪಬಹುದು. ಆ ಭಯದಲ್ಲಿ ಬೆಳೆದವರಿಗೆ ಕಾಗದ ಹೆಚ್ಚಿದ್ದಷ್ಟೂ ಧೈರ್ಯ. ಹೀಗಾಗಿ ಆನ್‌ಲೈನ್ ಅರ್ಜಿಯಲ್ಲಿ ‘ಇತರ ದಾಖಲೆಗಳು’ ಎಂಬ ಜಾಗ ಕಂಡ ಕೂಡಲೇ ಇಡೀ ಫೈಲನ್ನು ಸ್ಕ್ಯಾನ್ ಮಾಡಿ ಅಲ್ಲಿಗೆ ಸೇರಿಸಿಬಿಡುತ್ತೇವೆ.

ಅಮೆರಿಕದ ಅನೇಕ ವಿಭಾಗಗಳು ತಮ್ಮ ಸೂಚನೆಯಲ್ಲೇ ಬರೆದಿರುತ್ತವೆ: ನಾವು ಕೇಳದ ದಾಖಲೆಗಳನ್ನು ಸಮಿತಿ ಓದುವುದಿಲ್ಲ. ಆ ಸಾಲನ್ನು ಅಕ್ಷರಶಃ ನಂಬಿ. ಅಷ್ಟೇ ಆದರೆ ಹೆಚ್ಚಿನ ಕಾಗದದಿಂದ ನಷ್ಟವಿಲ್ಲ ಎನ್ನಬಹುದಿತ್ತು. ನಷ್ಟವಿದೆ. ಎಂಟನೇ ತರಗತಿಯ ಚರ್ಚಾಸ್ಪರ್ಧೆಯ ಪ್ರಮಾಣಪತ್ರ ಕಣ್ಣಿಗೆ ಬಿದ್ದ ತಕ್ಷಣ, ಇತ್ತೀಚೆಗೆ ಹೇಳಿಕೊಳ್ಳುವಂಥದ್ದು ಏನೂ ಆಗಿಲ್ಲವೇನೋ ಎಂಬ ಅನುಮಾನ ಓದುಗರಿಗೆ ಬರುತ್ತದೆ. ಎರಡು ಗಂಟೆಯ ಆನ್‌ಲೈನ್ ಕೋರ್ಸುಗಳ ಹದಿನೈದು ಪ್ರಮಾಣಪತ್ರಗಳ ನಡುವೆ ಒಂದು ಒಳ್ಳೆಯ ಎನ್‌ಪಿಟಿಇಎಲ್ ಪ್ರಮಾಣಪತ್ರ ಸಿಕ್ಕಿಹಾಕಿಕೊಂಡರೆ ಅದೂ ಆ ಗುಂಪಿನಲ್ಲೇ ಮುಳುಗುತ್ತದೆ. ಎನ್‌ಪಿಟಿಇಎಲ್ ಐಐಟಿಗಳು ಮತ್ತು ಐಐಎಸ್‌ಸಿ ಸೇರಿ ನಡೆಸುವ ಯೋಜನೆ. ಹನ್ನೆರಡು ವಾರದ ಕೋರ್ಸು ಮುಗಿಸಿ, ಪರೀಕ್ಷಾ ಕೇಂದ್ರಕ್ಕೆ ಹೋಗಿ ಮೇಲ್ವಿಚಾರಣೆಯಲ್ಲಿ ಬರೆದು ತೇರ್ಗಡೆಯಾಗಬೇಕು. ನಿಮ್ಮ ಪದವಿಯಲ್ಲಿ ಇಲ್ಲದ, ಮುಂದಿನ ಸಂಶೋಧನೆಗೆ ಬೇಕಾದ ವಿಷಯವೊಂದನ್ನು ಹೀಗೆ ಕಲಿತಿದ್ದರೆ ಸಿ.ವಿ.ಯಲ್ಲಿ ಒಂದು ಸಾಲು ಬರೆಯಿರಿ, ಅದು ಎಂಥ ಪರೀಕ್ಷೆ ಎಂಬುದನ್ನೂ ಅರ್ಧ ಸಾಲಿನಲ್ಲಿ ಹೇಳಿ. ಅಲ್ಲಿಯವರಿಗೆ ಆ ಹೆಸರು ಪರಿಚಯವಿರುವುದಿಲ್ಲ.

ಇದೇ ಮಾತು ಬೇರೆ ಹೆಸರುಗಳಿಗೂ ಅನ್ವಯಿಸುತ್ತದೆ. ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿ ನಿಮ್ಮ ಪ್ರಾಜೆಕ್ಟನ್ನು ಆರಿಸಿ ಧನಸಹಾಯ ಕೊಟ್ಟಿದ್ದರೆ ಅದು ದೊಡ್ಡ ವಿಷಯ. ಬೆಂಗಳೂರಿನ ಭಾರತೀಯ ವಿಜ್ಞಾನ ಅಕಾಡೆಮಿ ಇನ್ನೆರಡು ಅಕಾಡೆಮಿಗಳ ಜೊತೆ ಸೇರಿ ಕೊಡುವ ಬೇಸಿಗೆ ಸಂಶೋಧನಾ ಫೆಲೋಶಿಪ್ ಸಿಕ್ಕಿದ್ದರೆ ಅದೂ ದೊಡ್ಡದು. ಬರೀ ಸಂಕ್ಷಿಪ್ತಾಕ್ಷರಗಳನ್ನು ಬರೆದು ಬಿಟ್ಟರೆ ಅವು ಕಾಲೇಜು ಹಬ್ಬದ ಬಹುಮಾನದ ಪಕ್ಕದಲ್ಲಿ ಅದೇ ಗಾತ್ರಕ್ಕೆ ಕುಗ್ಗುತ್ತವೆ. ಯಾರು ಕೊಟ್ಟರು, ಹೇಗೆ ಆರಿಸಿದರು, ಅದರಿಂದ ನೀವು ಏನು ಮಾಡಿದಿರಿ ಎಂಬುದನ್ನು ಬರೆಯಿರಿ.

ಸಿ.ವಿ.ಯ ಬಗ್ಗೆ ಇನ್ನೊಂದು ಮಾತು ಹೇಳಿ ಮುಂದೆ ಹೋಗುತ್ತೇನೆ. ನಮ್ಮ ಬಯೋಡೇಟಾದಲ್ಲಿ ಭಾವಚಿತ್ರ, ಹುಟ್ಟಿದ ದಿನಾಂಕ, ತಂದೆಯ ಹೆಸರು, ಧರ್ಮ, ಮದುವೆ ಆಗಿದೆಯೇ ಇಲ್ಲವೇ ಎಲ್ಲ ಇರುತ್ತವೆ. ಅಮೆರಿಕಕ್ಕೆ ಕಳಿಸುವ ಸಿ.ವಿ.ಯಿಂದ ಅವೆಲ್ಲವನ್ನೂ ತೆಗೆಯಿರಿ. ಅಂಥ ವಿವರಗಳ ಮೇಲೆ ತೀರ್ಮಾನ ಮಾಡಬಾರದು ಎಂಬ ಎಚ್ಚರ ಅಲ್ಲಿದೆ, ಓದುವವರು ಅವನ್ನು ಕಾಣಲು ಇಷ್ಟಪಡುವುದಿಲ್ಲ. ‘ಮೇಲಿನ ಎಲ್ಲ ವಿವರಗಳು ಸತ್ಯವೆಂದು ದೃಢೀಕರಿಸುತ್ತೇನೆ’ ಎಂಬ ಕೊನೆಯ ಸಾಲೂ ಬೇಡ.

ಈಗ ಮುಖ್ಯವಾದ ವಿಷಯಕ್ಕೆ ಬರುತ್ತೇನೆ. ನಮ್ಮ ವಿದ್ಯಾರ್ಥಿಗಳು ಅಂತಿಮ ವರ್ಷದ ಪ್ರಾಜೆಕ್ಟಿನ ಮೇಲೆ ಭಾರ ಹಾಕಿ ಅರ್ಜಿ ಬರೆಯುತ್ತಾರೆ. ಕ್ಯಾಲೆಂಡರನ್ನು ನೋಡಿ. ಪಿಎಚ್‌ಡಿ ಅರ್ಜಿಗಳ ಕೊನೆಯ ದಿನ ಬಹುತೇಕ ಡಿಸೆಂಬರ್ ತಿಂಗಳಲ್ಲೇ ಬೀಳುತ್ತದೆ. ಆಗ ನೀವು ಏಳನೇ ಸೆಮಿಸ್ಟರಿನ ಕೊನೆಯಲ್ಲಿರುತ್ತೀರಿ. ಪ್ರಾಜೆಕ್ಟ್ ಅರ್ಧವೂ ಆಗಿರುವುದಿಲ್ಲ, ಕೈಯಲ್ಲಿರುವ ಅಂಕಪಟ್ಟಿ ಆರನೇ ಸೆಮಿಸ್ಟರಿನವರೆಗಿನದು. ಹಾಗಾದರೆ ಡಿಸೆಂಬರಿನಲ್ಲಿ ಕೊಡಲು ನಿಮ್ಮ ಬಳಿ ಇರುವುದು ಮಿನಿ ಪ್ರಾಜೆಕ್ಟ್, ರಜೆಯಲ್ಲಿ ಮಾಡಿದ ಇಂಟರ್ನ್‌ಶಿಪ್, ಯಾವುದಾದರೂ ಒಂದು ಪ್ರಯೋಗಾಲಯದಲ್ಲಿ ಪಠ್ಯವನ್ನು ಮೀರಿ ಮಾಡಿದ ಕೆಲಸ. ಇವು ಗಟ್ಟಿಯಾಗಿಲ್ಲ ಎನ್ನಿಸಿದರೆ ಪದವಿ ಮುಗಿಸಿ, ಒಂದು ವರ್ಷ ಪ್ರಾಜೆಕ್ಟ್ ಸಹಾಯಕರಾಗಿ ಎಲ್ಲಾದರೂ ಕೆಲಸ ಮಾಡಿ, ಆಮೇಲೆ ಅರ್ಜಿ ಹಾಕಿ. ಒಂದು ವರ್ಷ ಹೋಯಿತಲ್ಲ ಎಂದು ಮನೆಯವರು ಕೊರಗುವುದು ನನಗೆ ಗೊತ್ತು. ಆದರೂ ಇದನ್ನು ಪೂರ್ತಿ ನಂಬಿಕೆಯಿಂದ ಹೇಳುತ್ತಿದ್ದೇನೆ: ನಾನು ಓದಿದ ಅರ್ಜಿಗಳಲ್ಲಿ ಆ ಒಂದು ವರ್ಷ ತಂದ ವ್ಯತ್ಯಾಸವನ್ನು ಬೇರಾವುದೂ ತಂದಿಲ್ಲ.

ಪ್ರಾಜೆಕ್ಟನ್ನು ಉದ್ದೇಶ ಪತ್ರದಲ್ಲಿ, ಅಂದರೆ ಎಸ್‌ಒಪಿಯಲ್ಲಿ, ಹೇಗೆ ಬರೆಯಬೇಕು? ಒಂದು ಉದಾಹರಣೆ ಕಟ್ಟೋಣ. ನಾಲ್ವರು ವಿದ್ಯಾರ್ಥಿಗಳ ತಂಡ ಪಾವಗಡದ ಕೊಳವೆಬಾವಿ ನೀರಿನಿಂದ ಫ್ಲೋರೈಡ್ ತೆಗೆಯುವ ಪ್ರಾಜೆಕ್ಟ್ ಮಾಡಿದೆ ಎಂದುಕೊಳ್ಳಿ. ತಂಡ ಕಲ್ಪಿತ, ಸಮಸ್ಯೆ ಮಾತ್ರ ನಿಮ್ಮ ಜಿಲ್ಲೆಯದ್ದೇ. ಕುಡಿಯುವ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ ಮೀರಬಾರದು, ಬೇರೆ ನೀರಿಲ್ಲದ ಕಡೆ 1.5ರವರೆಗೆ ಇರಬಹುದು ಎನ್ನುತ್ತದೆ ಭಾರತೀಯ ಮಾನಕ. ಅದನ್ನು ಮೀರಿದ ಬಾವಿಗಳು ಪಾವಗಡದಲ್ಲಿ ಎಷ್ಟಿವೆ, ಅದು ಹಲ್ಲಿಗೆ, ಮೂಳೆಗೆ ಏನು ಮಾಡುತ್ತದೆ ಎಂದು ನಿಮಗೆ ನಾನು ಹೇಳಬೇಕಿಲ್ಲ.

ಈ ತಂಡದವರೊಬ್ಬರ ಉದ್ದೇಶ ಪತ್ರ ಸಾಮಾನ್ಯವಾಗಿ ಹೀಗೆ ಶುರುವಾಗುತ್ತದೆ: ಬಾಲ್ಯದಿಂದಲೂ ನನಗೆ ಪರಿಸರದ ಬಗ್ಗೆ ಅಪಾರ ಒಲವು. ನೀರೇ ಜೀವಾಳ. ನಿಮ್ಮ ಪ್ರತಿಷ್ಠಿತ ವಿಶ್ವವಿದ್ಯಾಲಯದಲ್ಲಿ ಓದುವುದು ನನ್ನ ಕನಸು. ಆಮೇಲೆ ಒಂದು ಸಾಲು: ಆಕ್ಟಿವೇಟೆಡ್ ಅಲ್ಯೂಮಿನಾ ಬಳಸಿ ಶೇ 90ರಷ್ಟು ಫ್ಲೋರೈಡನ್ನು ತೆಗೆದೆವು. ಅಲ್ಲಿಂದ ಮುಂದೆ ವಿಶ್ವವಿದ್ಯಾಲಯದ ಹೊಗಳಿಕೆ.

ಓದುವವರಿಗೆ ಇದರಿಂದ ಸಿಗುವುದೇನು? ಅಲ್ಯೂಮಿನಾ ಫ್ಲೋರೈಡನ್ನು ಹೀರುತ್ತದೆ ಎಂಬುದು ಅವರಿಗೆ ಮೊದಲೇ ಗೊತ್ತು. ‘ತೆಗೆದೆವು’ ಎಂದರೆ ಯಾರು? ನಾಲ್ವರಲ್ಲಿ ನಿಮ್ಮ ಪಾಲು ಯಾವುದು? ನಮ್ಮಲ್ಲಿ ಪ್ರಾಜೆಕ್ಟುಗಳು ತಂಡದಲ್ಲಿ ನಡೆಯುವುದರಿಂದ ಈ ಪ್ರಶ್ನೆ ಪ್ರತಿ ಅರ್ಜಿಯಲ್ಲೂ ಏಳುತ್ತದೆ, ಮತ್ತು ಉತ್ತರ ಕೊಡುವವರು ತೀರ ವಿರಳ.

ಅದೇ ವಿದ್ಯಾರ್ಥಿನಿ ಹೀಗೆ ಬರೆದಿದ್ದರೆ: ತಂಡದಲ್ಲಿ ಅಳತೆಯ ಕೆಲಸ ನನ್ನದು. ಶುದ್ಧ ನೀರಿಗೆ ಸೋಡಿಯಂ ಫ್ಲೋರೈಡ್ ಬೆರೆಸಿ ಅಲ್ಯೂಮಿನಾ ಕೊಳವೆಯಲ್ಲಿ ಹರಿಸಿದಾಗ ಅದು ಚೆನ್ನಾಗಿ ಕೆಲಸ ಮಾಡಿತು. ಊರಿನ ಬಾವಿಯ ನೀರನ್ನೇ ತಂದು ಹರಿಸಿದಾಗ ಬಹಳ ಬೇಗ ಸೋತಿತು. ಬಾವಿಯ ನೀರಿನ ಪಿಎಚ್ 8ರ ಆಸುಪಾಸಿನಲ್ಲಿತ್ತು, ಅಲ್ಯೂಮಿನಾ ಹೆಚ್ಚು ಹೀರುವುದು 5.5ರಿಂದ 6ರ ನಡುವೆ. ಆ ನೀರಿನಲ್ಲಿ ಬೈಕಾರ್ಬನೇಟ್ ಕೂಡ ಹೆಚ್ಚಿತ್ತು, ಅದೂ ಅಲ್ಯೂಮಿನಾದ ಮೇಲಿನ ಜಾಗಕ್ಕಾಗಿ ಫ್ಲೋರೈಡಿನ ಜೊತೆ ಪೈಪೋಟಿ ನಡೆಸುತ್ತದೆ. ಎರಡರಲ್ಲಿ ಯಾವುದರ ಪಾತ್ರ ಎಷ್ಟು ಎಂದು ಬೇರ್ಪಡಿಸುವ ಪ್ರಯೋಗವನ್ನು ನಾನು ಯೋಜಿಸಿದೆ, ಮಾಡುವಷ್ಟರಲ್ಲಿ ಸೆಮಿಸ್ಟರ್ ಮುಗಿಯಿತು. ಆ ಪ್ರಶ್ನೆಯನ್ನು ನಾನು ಮುಂದುವರಿಸಬೇಕು.

ಇದನ್ನು ಓದಿದ ಪ್ರಾಧ್ಯಾಪಕರು ಪಕ್ಕದವರನ್ನು ಕರೆದು ತೋರಿಸುತ್ತಾರೆ. ಶೇ 90 ಎಂಬ ಯಶಸ್ಸಿಗಿಂತ ಆ ಸೋಲಿನಲ್ಲಿ ಹೆಚ್ಚು ಸಾಕ್ಷ್ಯವಿದೆ. ತಾನೇ ಕೈಯಾರೆ ಅಳೆದವರಿಗೆ ಮಾತ್ರ ಗೊತ್ತಾಗುವ ವಿಷಯ ಅದರಲ್ಲಿದೆ, ಮತ್ತು ಮುಂದಿನ ಪ್ರಶ್ನೆ ಏನೆಂದು ಅವರಿಗೆ ಕಾಣುತ್ತಿದೆ. ಇಷ್ಟು ಬರೆದ ಮೇಲೆ, ಆ ವಿಭಾಗದಲ್ಲಿ ಇಂಥ ಸಮಸ್ಯೆಗಳ ಮೇಲೆ ಕೆಲಸ ಮಾಡುವ ಇಬ್ಬರು ಮೂವರು ಪ್ರಾಧ್ಯಾಪಕರ ಹೆಸರನ್ನೂ ಅವರ ಯಾವ ಕೆಲಸ ನಿಮ್ಮ ಪ್ರಶ್ನೆಗೆ ತಾಗುತ್ತದೆ ಎಂಬುದನ್ನೂ ಒಂದು ಪ್ಯಾರಾದಲ್ಲಿ ಬರೆದರೆ ಎರಡನೇ ಪ್ರಶ್ನೆಗೂ ಉತ್ತರ ಸಿಕ್ಕಂತೆ. ಪ್ರಾಧ್ಯಾಪಕರ ಹೆಸರನ್ನು ಮಾತ್ರ ಬದಲಾಯಿಸಿ ಹತ್ತು ಕಡೆ ಕಳಿಸುವ ಪ್ಯಾರಾ ಕೂಡಲೇ ಗುರುತು ಸಿಗುತ್ತದೆ. ವಿಶ್ವವಿದ್ಯಾಲಯದ ಹೆಸರು ಬದಲಾಯಿಸಲು ಮರೆತ ಪತ್ರಗಳನ್ನೂ ನಾನು ಓದಿದ್ದೇನೆ.

ದುಡ್ಡು ಕೊಟ್ಟು ತಂದ ಪ್ರಾಜೆಕ್ಟಿನ ಬಗ್ಗೆಯೂ ಹೇಳಲೇಬೇಕು. ನಮ್ಮ ನಗರಗಳಲ್ಲಿ ಸಿದ್ಧ ಪ್ರಾಜೆಕ್ಟ್ ಮಾರುವ ಅಂಗಡಿಗಳಿವೆ ಎಂಬುದು ಇಲ್ಲಿ ಎಲ್ಲರಿಗೂ ಗೊತ್ತು. ಅಂಥದ್ದನ್ನು ಅರ್ಜಿಯಲ್ಲಿ ಸೇರಿಸಬೇಡಿ. ಸಂದರ್ಶನದಲ್ಲಿ ಎರಡನೇ ಪ್ರಶ್ನೆಗೇ ಅದು ಬಯಲಾಗುತ್ತದೆ. ಬಯಲಾಗದೆ ಹೋದರೂ ನಿಮ್ಮದಲ್ಲದ ಕೆಲಸದ ಮೇಲೆ ಐದು ವರ್ಷದ ಬದುಕನ್ನು ಕಟ್ಟಲು ಆಗುವುದಿಲ್ಲ. ಶುಲ್ಕ ಕಟ್ಟಿಸಿಕೊಂಡು ವಾರದೊಳಗೆ ಲೇಖನ ಪ್ರಕಟಿಸುವ ‘ಅಂತರರಾಷ್ಟ್ರೀಯ’ ಪತ್ರಿಕೆಗಳ ಕಥೆಯೂ ಇದೇ. ಪ್ರಕಟಣೆಗಳ ಪಟ್ಟಿ ಖಾಲಿ ಇದ್ದರೆ ಪದವಿ ವಿದ್ಯಾರ್ಥಿಯನ್ನು ಯಾರೂ ತಿರಸ್ಕರಿಸುವುದಿಲ್ಲ. ಅಂಥ ಪತ್ರಿಕೆಯ ಹೆಸರು ಅಲ್ಲಿ ಕಂಡರೆ, ಈ ವ್ಯಕ್ತಿಗೆ ಒಳ್ಳೆಯ ಪತ್ರಿಕೆಗೂ ಇದಕ್ಕೂ ವ್ಯತ್ಯಾಸ ಗೊತ್ತಿಲ್ಲ ಎಂಬ ತೀರ್ಮಾನಕ್ಕೆ ಬರುತ್ತಾರೆ. ಲೇಖನದ ಒಳಗಿನ ಕೆಲಸ ಪ್ರಾಮಾಣಿಕವಾಗಿದ್ದರೆ ಕೆಲಸವನ್ನು ಉದ್ದೇಶ ಪತ್ರದಲ್ಲಿ ವಿವರಿಸಿ, ಪತ್ರಿಕೆಯ ಹೆಸರನ್ನು ಬಿಡಿ.

ಶಿಫಾರಸು ಪತ್ರಗಳ ಬಗ್ಗೆ ಸ್ವಲ್ಪ ಹೊತ್ತು ಮಾತನಾಡಬೇಕು. ಇಲ್ಲಿ ಕೂತಿರುವ ಅಧ್ಯಾಪಕರನ್ನೂ ಉದ್ದೇಶಿಸಿ ಹೇಳುತ್ತಿದ್ದೇನೆ, ಏಕೆಂದರೆ ನಮ್ಮ ಮಕ್ಕಳ ಅರ್ಜಿಗಳು ಅತಿ ಹೆಚ್ಚು ಸೋಲುವುದು ಈ ಪತ್ರಗಳಲ್ಲೇ. ಸಾಮಾನ್ಯವಾಗಿ ಮೂರು ಪತ್ರ ಕೇಳುತ್ತಾರೆ. ನಾವು ಯಾರ ಬಳಿ ಹೋಗುತ್ತೇವೆ? ಪ್ರಾಂಶುಪಾಲರು, ವಿಭಾಗದ ಮುಖ್ಯಸ್ಥರು, ಸಾಧ್ಯವಾದರೆ ಹೆಸರುವಾಸಿಯಾದ ಯಾರಾದರೂ ಒಬ್ಬರು. ಹುದ್ದೆ ದೊಡ್ಡದಿದ್ದಷ್ಟೂ ಪತ್ರಕ್ಕೆ ತೂಕ ಎಂದು ನಂಬಿದ್ದೇವೆ. ನಿಮ್ಮ ಮುಖ ನೋಡಿಲ್ಲದ ಪ್ರಾಂಶುಪಾಲರು ಏನು ಬರೆಯಬಲ್ಲರು? ವಿಧೇಯ, ಶ್ರಮಜೀವಿ, ಸಮಯಪಾಲಕ, ಒಳ್ಳೆಯ ನಡತೆ. ಇವೆಲ್ಲ ಸದ್ಗುಣಗಳೇ. ಸಂಶೋಧನೆ ಮಾಡಬಲ್ಲರೇ ಎಂಬ ಪ್ರಶ್ನೆಗೆ ಮಾತ್ರ ಇವುಗಳಲ್ಲಿ ಉತ್ತರವಿಲ್ಲ. ಫ್ಲೋರೈಡ್ ಅಳೆಯುವ ಎಲೆಕ್ಟ್ರೋಡ್ ಮುಂದೆ ನೀವು ಸಂಜೆಯವರೆಗೆ ಕೂತದ್ದನ್ನು, ರೀಡಿಂಗ್ ಸರಿಯಿಲ್ಲ ಎಂದು ಹಟ ಹಿಡಿದು ಮತ್ತೆ ಅಳೆದದ್ದನ್ನು ಕಂಡ ಕಿರಿಯ ಅಧ್ಯಾಪಕಿಯ ಪತ್ರ, ಆಕೆ ಮೊನ್ನೆ ತಾನೇ ಕೆಲಸಕ್ಕೆ ಸೇರಿದ್ದರೂ, ಹತ್ತು ಪಾಲು ಹೆಚ್ಚು ಕೆಲಸ ಮಾಡುತ್ತದೆ.

ಇನ್ನೊಂದು ರೂಢಿ ಇದೆ. “ನೀನೇ ಬರೆದುಕೊಂಡು ಬಾರಪ್ಪ, ನಾನು ಸಹಿ ಹಾಕುತ್ತೇನೆ.” ಅಧ್ಯಾಪಕರ ಕೆಲಸದ ಹೊರೆ ನನಗೆ ಅರ್ಥವಾಗುತ್ತದೆ. ಇಂಗ್ಲಿಷಿನಲ್ಲಿ ಬರೆಯಲು ಹಿಂಜರಿಯುವವರೂ ಇದ್ದಾರೆ. ಆದರೆ ಮೂರು ಪತ್ರಗಳನ್ನೂ ಒಬ್ಬನೇ ವಿದ್ಯಾರ್ಥಿ ಬರೆದಾಗ ಮೂರರಲ್ಲೂ ಒಂದೇ ಧಾಟಿ, ಅದೇ ವಿಶೇಷಣಗಳು, ಕೆಲವೊಮ್ಮೆ ಅದೇ ಕಾಗುಣಿತದ ತಪ್ಪು. ಅಲ್ಲಿಗೆ ಮೂರೂ ಪತ್ರಗಳ ಬೆಲೆ ಹೋಗುತ್ತದೆ, ಉಳಿದ ಕಾಗದಗಳ ಮೇಲೂ ಸಂಶಯ ಹಬ್ಬುತ್ತದೆ. ಅಲ್ಲಿನವರ ಕಣ್ಣಿನಲ್ಲಿ ಅದು ಅಪ್ರಾಮಾಣಿಕತೆ; ನಮ್ಮ ಅನುಕೂಲದ ರೂಢಿ ಎಂಬ ವಿವರಣೆ ಅಲ್ಲಿ ನಡೆಯುವುದಿಲ್ಲ.

ಬೇರೆ ದಾರಿ ಇದೆ. ವಿದ್ಯಾರ್ಥಿ ಒಂದು ಪುಟದ ಟಿಪ್ಪಣಿ ತಯಾರಿಸಿ ಅಧ್ಯಾಪಕರಿಗೆ ಕೊಡಲಿ. ಯಾವ ವಿಷಯ, ಯಾವ ಸೆಮಿಸ್ಟರ್, ಯಾವ ಪ್ರಯೋಗ, ಅಲ್ಲಿ ಏನು ನಡೆಯಿತು, ಈಗ ಯಾವ ವಿಷಯದಲ್ಲಿ ಮುಂದುವರಿಯಬೇಕೆಂದಿದ್ದಾನೆ, ಯಾವ ಅರ್ಜಿಗೆ ಕೊನೆಯ ದಿನ ಎಂದು. ಜೊತೆಗೆ ಉದ್ದೇಶ ಪತ್ರದ ಕರಡು ಮತ್ತು ಅಂಕಪಟ್ಟಿ. ಅದನ್ನು ಓದಿ ಅಧ್ಯಾಪಕರು ತಮಗೆ ನೆನಪಿರುವುದನ್ನು ತಮ್ಮ ಮಾತಿನಲ್ಲಿ ಬರೆಯಲಿ. ಸರಳ ಇಂಗ್ಲಿಷಿನ, ವ್ಯಾಕರಣದಲ್ಲಿ ಅಲ್ಲಲ್ಲಿ ಎಡವಿದ ಪತ್ರಗಳನ್ನು ನಾನು ಸಮಿತಿಯಲ್ಲಿ ಗಟ್ಟಿಯಾಗಿ ಓದಿ ಹೇಳಿದ್ದೇನೆ, ಏಕೆಂದರೆ ಅವುಗಳಲ್ಲಿ ಒಂದು ನಿಜವಾದ ಘಟನೆ ಇತ್ತು. ಪತ್ರವನ್ನು ಅಧ್ಯಾಪಕರೇ ನೇರವಾಗಿ ಆನ್‌ಲೈನ್‌ನಲ್ಲಿ ಸೇರಿಸಬೇಕು. ಅದಕ್ಕೆ ಅವರ ಕಾಲೇಜಿನ ಇಮೇಲ್ ವಿಳಾಸ ಕೊಡಿ. ಸ್ವಂತ ಜಿಮೇಲ್ ವಿಳಾಸ ಕೊಟ್ಟರೆ ಕೆಲವು ವಿಶ್ವವಿದ್ಯಾಲಯಗಳು ಮತ್ತೆ ಪರಿಶೀಲಿಸುತ್ತವೆ. ಕಾಲೇಜಿನ ವಿಳಾಸವೇ ಇಲ್ಲದಿದ್ದರೆ ಈಗಲೇ ಆಡಳಿತ ಕಚೇರಿಗೆ ಹೇಳಿ ಮಾಡಿಸಿಕೊಳ್ಳಿ.

ಅರ್ಜಿಯಲ್ಲಿ ಒಂದು ಪ್ರಶ್ನೆ ಬರುತ್ತದೆ: ಶಿಫಾರಸು ಪತ್ರವನ್ನು ಮುಂದೆ ನೋಡುವ ಹಕ್ಕನ್ನು ಬಿಟ್ಟುಕೊಡುತ್ತೀರಾ? 1974ರ ಅಮೆರಿಕದ ಶೈಕ್ಷಣಿಕ ದಾಖಲೆಗಳ ಕಾನೂನಿನಿಂದ ಬಂದ ಪ್ರಶ್ನೆ ಅದು. ಬಿಟ್ಟುಕೊಡಿ. ಪತ್ರವನ್ನು ಮುಕ್ತವಾಗಿ ಬರೆದಿದ್ದಾರೆ ಎಂಬ ಭರವಸೆ ಓದುಗರಿಗೆ ಅದರಿಂದ ಸಿಗುತ್ತದೆ.

ಅಂಕಗಳ ವಿಷಯ. ಸಿಜಿಪಿಎಯನ್ನು 4ರ ಅಳತೆಗೆ ನೀವೇ ಪರಿವರ್ತಿಸಲು ಹೋಗಬೇಡಿ. ಹಾಗೆ ಮಾಡಿ ಎಂದು ಸೂಚನೆಯಲ್ಲಿ ಕೇಳಿದ್ದರೆ ಮಾತ್ರ ಮಾಡಿ. 10ಕ್ಕೆ ಎಷ್ಟು ಎಂದು ಮುದ್ರಿತವಾಗಿದೆಯೋ ಅಷ್ಟನ್ನೇ ಬರೆಯಿರಿ. ರ್‍ಯಾಂಕ್ ಬಂದಿದ್ದರೆ ಎಷ್ಟು ಜನರಲ್ಲಿ ಎಂಬುದನ್ನು ಸೇರಿಸಿ. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಅಡಿಯಲ್ಲಿ ಸುಮಾರು ಇನ್ನೂರು ಕಾಲೇಜುಗಳಿವೆ, ಅಷ್ಟೂ ಕಾಲೇಜುಗಳ ವಿದ್ಯಾರ್ಥಿಗಳಲ್ಲಿ ಐದನೆಯವರು ಎಂದರೆ ಏನರ್ಥ ಎಂಬುದು ಬರೀ ‘ಐದನೇ ರ್‍ಯಾಂಕ್’ ಎಂದರೆ ಅಲ್ಲಿ ತಿಳಿಯುವುದಿಲ್ಲ. ನಮ್ಮಲ್ಲಿ ಶೇ 70 ದಾಟಿದರೆ ಡಿಸ್ಟಿಂಕ್ಷನ್ ಎಂಬುದೂ ಅವರಿಗೆ ಹೊಸದು. ಅದನ್ನು ಶಿಫಾರಸು ಪತ್ರದಲ್ಲಿ ಅಧ್ಯಾಪಕರು ಹೇಳಿದರೆ ಚೆನ್ನ.

ಬ್ಯಾಕ್‌ಲಾಗ್ ಇದ್ದರೆ ಬಚ್ಚಿಡಲು ಬರುವುದಿಲ್ಲ, ಅದು ಟ್ರಾನ್ಸ್‌ಕ್ರಿಪ್ಟಿನಲ್ಲಿ, ಅಂದರೆ ವಿಶ್ವವಿದ್ಯಾಲಯ ಕೊಡುವ ಎಲ್ಲ ಸೆಮಿಸ್ಟರುಗಳ ಅಂಕದಾಖಲೆಯಲ್ಲಿ, ಕಾಣುತ್ತದೆ. ಹೆಚ್ಚುವರಿ ಮಾಹಿತಿಯ ಜಾಗದಲ್ಲಿ ಮೂರು ವಾಕ್ಯ ಬರೆಯಿರಿ: ಏನಾಯಿತು, ಯಾವಾಗ ತೀರಿಸಿದಿರಿ, ಆಮೇಲಿನ ಸೆಮಿಸ್ಟರುಗಳಲ್ಲಿ ಏನಾಯಿತು. ಉದ್ದೇಶ ಪತ್ರದ ಅಮೂಲ್ಯ ಜಾಗವನ್ನು ಇದಕ್ಕೆ ಕೊಡಬೇಡಿ. ಅಪ್ಪನ ಕಾಯಿಲೆಯಿಂದಾಗಿ ಒಂದು ಸೆಮಿಸ್ಟರ್ ಹಾಳಾಗಿದ್ದರೆ ಅದನ್ನು ನಿಮ್ಮ ಪರವಾಗಿ ಅಧ್ಯಾಪಕರೊಬ್ಬರು ಹೇಳುವುದು ಇನ್ನೂ ಒಳ್ಳೆಯದು.

ಸ್ನಾತಕೋತ್ತರ ಪ್ರವೇಶಕ್ಕೆ ಬರೆಯುವ ಜಿಆರ್‌ಇ ಪರೀಕ್ಷೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಸೆಪ್ಟೆಂಬರ್ 2023ರಿಂದ ಅದು ಎರಡು ಗಂಟೆಯೊಳಗಿನ ಪರೀಕ್ಷೆ; ಅಂಕ ಐದು ವರ್ಷ ಚಲಾವಣೆಯಲ್ಲಿರುತ್ತದೆ. ಅನೇಕ ವಿಭಾಗಗಳು ಅದನ್ನು ಈಗ ಕೇಳುವುದಿಲ್ಲ, ಕೆಲವು ಕಳಿಸಿದರೂ ನೋಡುವುದಿಲ್ಲ, ಕೆಲವು ಐಚ್ಛಿಕ ಎನ್ನುತ್ತವೆ. ಐಚ್ಛಿಕ ಎಂದಿರುವ ಕಡೆ, ಹೆಸರು ಕೇಳಿರದ ಕಾಲೇಜಿನಿಂದ ಬಂದ ನಿಮಗೆ ಗಣಿತ ವಿಭಾಗದಲ್ಲಿ ಒಳ್ಳೆಯ ಅಂಕವಿದ್ದರೆ ಕಳಿಸಿ, ಸಾಧಾರಣವಾಗಿದ್ದರೆ ಬೇಡ. ಇಂಗ್ಲಿಷ್ ಭಾಷಾ ಪರೀಕ್ಷೆಗಳಾದ ಟೋಫೆಲ್, ಐಇಎಲ್‌ಟಿಎಸ್ ಅಂಕಗಳಿಗೆ ಎರಡು ವರ್ಷದ ಆಯಸ್ಸು, ಅವಧಿ ನೋಡಿಕೊಳ್ಳಿ.

ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಕ್ಯಾಂಪಸ್‌ಗಳಂತೆ ಕೆಲವು ಕಡೆ ಉದ್ದೇಶ ಪತ್ರದ ಜೊತೆಗೆ ವೈಯಕ್ತಿಕ ಹಿನ್ನೆಲೆಯ ಪತ್ರವನ್ನೂ ಪ್ರತ್ಯೇಕವಾಗಿ ಕೇಳುತ್ತಾರೆ. ಕನ್ನಡ ಮಾಧ್ಯಮದಲ್ಲಿ ಓದಿದ್ದು, ಮನೆಯಲ್ಲಿ ಕಾಲೇಜು ಮೆಟ್ಟಿಲು ಹತ್ತಿದ ಮೊದಲಿಗರು ಎಂಬುದು, ಹಾಸ್ಟೆಲಿನ ಬದುಕು, ಇವೆಲ್ಲ ಅಲ್ಲಿಗೆ ಸೇರಿದವು. ಮುಜುಗರ ಬೇಡ, ಬರೆಯಿರಿ. ಕಷ್ಟದ ವಿವರಕ್ಕೆ ಒಂದು ಪ್ಯಾರಾ ಸಾಕು, ಆ ಸ್ಥಿತಿಯಲ್ಲಿ ನೀವು ಏನನ್ನು ಕಟ್ಟಿಕೊಂಡಿರಿ ಎಂಬುದಕ್ಕೆ ಎರಡು ಕೊಡಿ. ಪಿಯುಸಿಯಲ್ಲಿ ಭೌತಶಾಸ್ತ್ರವನ್ನು ಇಂಗ್ಲಿಷಿನಲ್ಲಿ ಮೊದಲ ಸಲ ಎದುರಿಸಿದಾಗ ಏನು ಮಾಡಿದಿರಿ, ಆಮೇಲೆ ಕಿರಿಯರಿಗೆ ಹೇಗೆ ಹೇಳಿಕೊಟ್ಟಿರಿ ಎಂಬಂಥದ್ದು. 2006ರಲ್ಲಿ ಡ್ರೂ ಆಪಲ್‌ಬಿ ಮತ್ತು ಕ್ಯಾರನ್ ಆಪಲ್‌ಬಿ ಎಂಬವರು ಮನಶ್ಶಾಸ್ತ್ರ ವಿಭಾಗಗಳ ಪ್ರವೇಶ ಸಮಿತಿಗಳ ಮುಖ್ಯಸ್ಥರನ್ನು, ಯಾವುದು ಅರ್ಜಿಯನ್ನು ಕೆಡಿಸುತ್ತದೆ ಎಂದು ಕೇಳಿ ಒಂದು ಅಧ್ಯಯನ ಪ್ರಕಟಿಸಿದರು. ಅನಗತ್ಯವಾಗಿ ತೀರ ಖಾಸಗಿ ಸಂಗತಿಗಳನ್ನು ಹೇಳಿಕೊಳ್ಳುವುದು, ವಿದ್ಯಾರ್ಥಿಯನ್ನು ಸರಿಯಾಗಿ ತಿಳಿಯದವರ ಶಿಫಾರಸು, ಆ ವಿಭಾಗದ ಬಗ್ಗೆ ಏನೂ ತಿಳಿದುಕೊಳ್ಳದಿರುವುದು ಅವರಿಗೆ ಸಿಕ್ಕ ಉತ್ತರಗಳಲ್ಲಿ ಎದ್ದು ಕಾಣುತ್ತವೆ. ನಮ್ಮ ವಿಭಾಗದಲ್ಲಿ ನಾನು ಕಂಡದ್ದೂ ಅದನ್ನೇ.

ಇನ್ನು ಸಭಿಕರ ಪ್ರಶ್ನೆಗಳು.

ಒಬ್ಬ ತಂದೆ ಕೇಳಿದರು: ಬ್ಯಾಂಕಿನ ಪತ್ರ, ಜಮೀನಿನ ಮೌಲ್ಯಮಾಪನ ಪತ್ರ ಸೇರಿಸಬೇಕೇ? ಯಜಮಾನರೇ, ಪ್ರವೇಶ ನಿರ್ಧರಿಸುವವರಿಗೆ ಅವು ಬೇಕಿಲ್ಲ. ಸೀಟು ಸಿಕ್ಕ ಮೇಲೆ, ವೀಸಾಕ್ಕೆ ಬೇಕಾದ ಐ–20 ಕೊಡುವ ಮೊದಲು ವಿಶ್ವವಿದ್ಯಾಲಯ ಹಣಕಾಸಿನ ದಾಖಲೆ ಕೇಳುತ್ತದೆ. ಅರ್ಜಿಯ ಹಂತದಲ್ಲೇ ಕೇಳುವ ಕಡೆ ಮಾತ್ರ ಆಗ ಕೊಡಿ. ಪಿಎಚ್‌ಡಿಗೆ ಪೂರ್ತಿ ಧನಸಹಾಯ ಸಿಕ್ಕರೆ ಅದನ್ನು ತಿಳಿಸುವ ಪತ್ರವೇ ಬಹುಪಾಲು ಸಾಕಾಗುತ್ತದೆ. ಅರ್ಜಿ ಹಾಕುವ ಮೊದಲೇ ಜಮೀನಿನ ಮೇಲೆ ಸಾಲ ಎತ್ತಲು ಹೋಗಬೇಡಿ.

ಕನ್ನಡ ಎಂ.ಎ. ಓದುತ್ತಿರುವ ವಿದ್ಯಾರ್ಥಿನಿಯೊಬ್ಬರ ಪ್ರಶ್ನೆ ನನಗೆ ತುಂಬ ಸಂತೋಷ ಕೊಟ್ಟಿತು. ದಕ್ಷಿಣ ಏಷ್ಯಾ ಅಧ್ಯಯನಕ್ಕೆ ಅರ್ಜಿ ಹಾಕಬೇಕೆಂದಿದ್ದಾರೆ, ಅವರು ಬರೆದ ಪ್ರಬಂಧಗಳೆಲ್ಲ ಕನ್ನಡದಲ್ಲಿವೆ. ಮಾನವಿಕ ವಿಷಯಗಳಲ್ಲಿ ಉದ್ದೇಶ ಪತ್ರಕ್ಕಿಂತಲೂ ಹೆಚ್ಚು ತೂಕ ಬರವಣಿಗೆಯ ಮಾದರಿಗೆ, ಸಾಮಾನ್ಯವಾಗಿ ಹದಿನೈದರಿಂದ ಇಪ್ಪತ್ತೈದು ಪುಟ. ಹೆಚ್ಚಿನ ಕಡೆ ಅದು ಇಂಗ್ಲಿಷಿನಲ್ಲಿರಬೇಕು. ನೀವು ಬರೆದುದರಲ್ಲಿ ಸ್ವಂತ ವಾದವಿರುವ ಒಂದನ್ನು ಆರಿಸಿಕೊಳ್ಳಿ. ಕವಿ ಪರಿಚಯ, ಕೃತಿ ಪರಿಚಯ ಬೇಡ. ಅದನ್ನು ನೀವೇ ಇಂಗ್ಲಿಷಿಗೆ ತನ್ನಿ, ಬೇರೆಯವರಿಂದ ಮಾಡಿಸಬೇಡಿ, ಮೂಲ ಕನ್ನಡದ್ದು ಮತ್ತು ಅನುವಾದ ನನ್ನದೇ ಎಂದು ಮೊದಲ ಪುಟದಲ್ಲಿ ಹೇಳಿ. ಉದ್ಧರಿಸಿದ ವಚನಗಳನ್ನೂ ಶಾಸನದ ಸಾಲುಗಳನ್ನೂ ಕನ್ನಡ ಲಿಪಿಯಲ್ಲೇ ಇಟ್ಟು ಕೆಳಗೆ ಅನುವಾದ ಕೊಡಿ. ಹಳಗನ್ನಡವನ್ನು ಸಲೀಸಾಗಿ ಓದಬಲ್ಲವರು ಅಂಥ ವಿಭಾಗಗಳಿಗೆ ಸುಲಭವಾಗಿ ಸಿಗುವುದಿಲ್ಲ. ಆ ಶಕ್ತಿ ನಿಮಗಿದೆ ಎಂಬುದು ಮಾದರಿಯಲ್ಲೇ ಕಾಣಲಿ. ಎ.ಕೆ. ರಾಮಾನುಜನ್ ಮೈಸೂರಿನಲ್ಲಿ ಓದಿ, 1963ರಲ್ಲಿ ಇಂಡಿಯಾನಾ ವಿಶ್ವವಿದ್ಯಾಲಯದಿಂದ ಪಿಎಚ್‌ಡಿ ಪಡೆದು, ಷಿಕಾಗೋದಲ್ಲಿ ದಶಕಗಳ ಕಾಲ ಕಲಿಸಿದವರು. ನೀವು ಹೊರಟಿರುವ ದಾರಿ ಹೊಸದೇನಲ್ಲ.

ಮೂರು ವರ್ಷದ ಬಿ.ಎಸ್‌ಸಿ. ನಡೆಯುತ್ತದೆಯೇ? ಕರ್ನಾಟಕದಲ್ಲಿ 2021ರಲ್ಲಿ ನಾಲ್ಕು ವರ್ಷದ ಪದವಿ ಬಂದು, 2024ರಲ್ಲಿ ಮತ್ತೆ ಮೂರು ವರ್ಷಕ್ಕೆ ಮರಳಿದ್ದರಿಂದ ಈ ಗೊಂದಲ ಇನ್ನೂ ಹೆಚ್ಚಾಗಿದೆ. ಅಮೆರಿಕದ ಅನೇಕ ವಿಶ್ವವಿದ್ಯಾಲಯಗಳು ನಾಲ್ಕು ವರ್ಷದ ಪದವಿಗೆ ಸಮನಾದದ್ದನ್ನು ಕೇಳುತ್ತವೆ, ಕೆಲವು ಮೂರನ್ನೂ ಒಪ್ಪುತ್ತವೆ. ಎಂ.ಎಸ್‌ಸಿ. ಮುಗಿಸಿದ್ದರೆ ಅಥವಾ ಓದುತ್ತಿದ್ದರೆ ಎರಡೂ ಪದವಿಗಳ ಟ್ರಾನ್ಸ್‌ಕ್ರಿಪ್ಟ್ ಕಳಿಸಿ. ಬರೀ ಬಿ.ಎಸ್‌ಸಿ. ಇದ್ದರೆ ಶುಲ್ಕ ಕಟ್ಟುವ ಮೊದಲು ಆ ವಿಶ್ವವಿದ್ಯಾಲಯದ ಗ್ರ್ಯಾಜುಯೇಟ್ ಸ್ಕೂಲಿನ ಕಚೇರಿಗೆ ಇಮೇಲ್ ಬರೆದು ಕೇಳಿ. ಅರ್ಜಿ ಶುಲ್ಕ ಒಂದೊಂದಕ್ಕೂ ನೂರು ಡಾಲರಿನ ಆಸುಪಾಸಿನಲ್ಲಿರುತ್ತದೆ, ಮರಳಿ ಬರುವುದಿಲ್ಲ.

ಕೃತಕ ಬುದ್ಧಿಮತ್ತೆಯಿಂದ ಉದ್ದೇಶ ಪತ್ರ ಬರೆಸಬಹುದೇ ಎಂದು ಹಿಂದಿನ ಸಾಲಿನಿಂದ ಒಬ್ಬರು ಕೇಳಿದರು. ಬರೆದದ್ದು ನನ್ನದೇ ಎಂದು ಸಹಿ ಮಾಡಿಸಿಕೊಳ್ಳುವ ವಿಶ್ವವಿದ್ಯಾಲಯಗಳಿವೆ, ಹಾಗಾಗಿ ಸೂಚನೆ ಓದಿ. ಅದಕ್ಕಿಂತ ದೊಡ್ಡ ಕಾರಣ, ಬಾವಿಯ ನೀರಿಗೆ ಅಲ್ಯೂಮಿನಾ ಸೋತದ್ದು ಅದಕ್ಕೆ ಗೊತ್ತಿಲ್ಲ. ಆ ಪ್ಯಾರಾವನ್ನು ಮೊದಲು ಕನ್ನಡದಲ್ಲೇ ಬರೆದುಕೊಳ್ಳಿ, ಗೆಳೆಯರಿಗೆ ಓದಿ ಹೇಳಿ, ಆಮೇಲೆ ಇಂಗ್ಲಿಷಿಗೆ ತನ್ನಿ.

ಕೊನೆಯ ಪ್ರಶ್ನೆ: ಡಿಸೆಂಬರಿನಲ್ಲಿ ಅರ್ಜಿ ಕಳಿಸಿ ಆಗಿದೆ, ಏಳನೇ ಸೆಮಿಸ್ಟರಿನ ಫಲಿತಾಂಶ ಆಮೇಲೆ ಬಂತು, ಪ್ರಾಜೆಕ್ಟಿನಲ್ಲೂ ಹೊಸದೊಂದು ಸಿಕ್ಕಿತು, ತಿಳಿಸಬಹುದೇ? ತಿಳಿಸಿ. ಅರ್ಜಿಯ ಪೋರ್ಟಲ್‌ನಲ್ಲಿ ಹೊಸ ಅಂಕಪಟ್ಟಿ ಸೇರಿಸುವ ಅವಕಾಶವಿದ್ದರೆ ಅಲ್ಲೇ ಸೇರಿಸಿ. ಇಲ್ಲದಿದ್ದರೆ ವಿಭಾಗದ ಪ್ರವೇಶ ಸಂಯೋಜಕರಿಗೆ, ಅರ್ಜಿ ಸಂಖ್ಯೆ ಬರೆದು, ಐದಾರು ಸಾಲಿನ ಒಂದು ಇಮೇಲ್ ಸಾಕು. ಒಂದೇ ಸಲ, ಆದಷ್ಟು ಬೇಗ. ಸಮಿತಿಯ ಓದು ನಡೆಯುತ್ತಿರುವಾಗ ತಲುಪಿದರೆ ಅದನ್ನು ನಿಮ್ಮ ಅರ್ಜಿಗೆ ಸೇರಿಸಿಕೊಳ್ಳುತ್ತಾರೆ. ಫೆಬ್ರುವರಿ ದಾಟಿದ್ದರೂ ಕಳಿಸಿ: ಧನಸಹಾಯದ ಅವಕಾಶ ಸಿಕ್ಕವರು ಒಪ್ಪಿಗೆ ತಿಳಿಸಲು ಹೆಚ್ಚಿನ ವಿಶ್ವವಿದ್ಯಾಲಯಗಳಲ್ಲಿ ಏಪ್ರಿಲ್ 15ರವರೆಗೆ ಸಮಯವಿರುತ್ತದೆ. ಅವರಲ್ಲಿ ಕೆಲವರು ಬೇರೆಡೆಗೆ ಹೋದಾಗ ಕಾಯುವ ಪಟ್ಟಿಯನ್ನು ನಾವು ಮತ್ತೆ ತೆರೆಯುತ್ತೇವೆ, ಆಗ ಆ ಐದಾರು ಸಾಲುಗಳು ನಮ್ಮ ಮುಂದೆ ಇರುತ್ತವೆ.